ಕುಡಿತದ ಗಲಾಟೆಗೆ ಕಾನೂನು: ಬ್ರಿಟನ್ ಎಡವಿದ್ದೆಲ್ಲಿ, ಮಲೆನಾಡು ಕಲಿಯೋದೇನು?

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಓಡಾಡುವಾಗ ನಾನು ಮತ್ತೆ ಮತ್ತೆ ಕೇಳಿದ ದೂರು ಒಂದೇ. ಬಾರ್ ಇರೋದು ಪೇಟೆಯಲ್ಲಿ, ಕ್ವಾರ್ಟರ್ ಸಿಗೋದು ಊರಿನ ಗೂಡಂಗಡಿಯಲ್ಲಿ. ಅಡಿಕೆ ಕೊಯ್ಲಿನ ಕೂಲಿ ಕೈಗೆ ಬಂದ ಸಂಜೆ ಅದು ಮನೆ ತಲುಪೋ ಮೊದಲೇ ಅಲ್ಲಿ ಖಾಲಿ. ಆಮೇಲೆ ಹೊಡೆತ ತಿನ್ನೋದು ಮನೆಯವಳು.

ಕಾನೂನು ಇಲ್ಲ ಅಂತಲ್ಲ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ಮಾರೋದು ಅಪರಾಧ. ಸಾರ್ವಜನಿಕ ಜಾಗದಲ್ಲಿ ಕುಡಿಯೋದನ್ನು ಕಲಂ 15(ಎ) ತಡೆಯುತ್ತದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿಯೂ ನಿಷೇಧ. ಆದರೆ ಪ್ಯಾಕೆಟ್ ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿ, ಬ್ರಾಂದಿ ಬಂದು ಕೂತವು.

ಇದೇ ತಲೆನೋವು ಬ್ರಿಟನ್ನಿಗೂ ಇತ್ತು. ಅಲ್ಲಿ 2006ರ ಹಿಂಸಾತ್ಮಕ ಅಪರಾಧ ತಗ್ಗಿಸುವ ಕಾಯ್ದೆ ಎರಡು ಹೊಸ ಅಸ್ತ್ರ ಕೊಟ್ಟಿತು. ಒಂದು, ಕುಡಿದು ಗಲಾಟೆ ಮಾಡುವವನಿಗೆ 2 ತಿಂಗಳಿಂದ 2 ವರ್ಷದವರೆಗೆ ನಿರ್ಬಂಧದ ಆದೇಶ. ಇನ್ನೊಂದು, ಗಲಾಟೆ ಹೆಚ್ಚಿರುವ ಪ್ರದೇಶವನ್ನು 'ಮದ್ಯ ಅಶಾಂತಿ ವಲಯ' ಎಂದು ಘೋಷಿಸಿ, ಪೊಲೀಸ್ ಖರ್ಚನ್ನು ಅಲ್ಲಿನ ಮದ್ಯದಂಗಡಿಗಳಿಂದಲೇ ವಸೂಲು ಮಾಡೋದು.

ಎರಡನೆಯದು ಕೇಳೋಕೆ ನ್ಯಾಯವಾಗಿಯೇ ಇದೆ. ಆದರೆ ಒಂದೇ ಒಂದು ವಲಯವೂ ಘೋಷಣೆಯಾಗಲಿಲ್ಲ. ಪ್ರಕ್ರಿಯೆ ಜಟಿಲ, ಊರಿಗೆ ಕೆಟ್ಟ ಹೆಸರು ಬೇರೆ. 2011ರ ಕಾಯ್ದೆ ಅದನ್ನು ರದ್ದು ಮಾಡಿತು. ನಿರ್ಬಂಧದ ಆದೇಶಗಳನ್ನು 2014ರ ಕಾಯ್ದೆ ತೆಗೆದುಹಾಕಿತು. ಉಳಿದುಕೊಂಡದ್ದು ಅದಕ್ಕೂ ಹಿಂದಿನ, 2003ರ ಲೈಸೆನ್ಸ್ ಕಾಯ್ದೆಯ ಸರಳ ಅವಕಾಶ: ತೊಂದರೆಯಾದ ನಿವಾಸಿ ಸ್ಥಳೀಯ ಸಂಸ್ಥೆಗೆ ಅರ್ಜಿ ಕೊಟ್ಟು ಅಂಗಡಿಯ ಲೈಸೆನ್ಸ್ ಮರುಪರಿಶೀಲನೆ ಕೇಳಬಹುದು. ವಿಚಾರಣೆ ನಡೆದು ಸಮಯ ಕಡಿತವಾಗಬಹುದು, ಲೈಸೆನ್ಸೇ ಹೋಗಬಹುದು.

ನಮಗೆ ಬೇಕಾದ್ದು ಇದು. ಗೂಡಂಗಡಿಗೆ ರದ್ದು ಮಾಡೋಕೆ ಲೈಸೆನ್ಸೇ ಇಲ್ಲ, ನಿಜ. ಆದರೆ ಅಲ್ಲಿಗೆ ಬರುವ ಬಾಟಲಿ ಎಲ್ಲೋ ಒಂದು ಲೈಸೆನ್ಸ್ ಅಂಗಡಿಯಿಂದ ಪೆಟ್ಟಿಗೆಗಟ್ಟಲೆ ಹೊರಟದ್ದೇ ತಾನೆ? ದಾಳಿಯಲ್ಲಿ ಸಿಕ್ಕ ಮಾಲಿನ ಮೂಲ ಹಿಡಿದು, ಆ ಅಂಗಡಿಯ ಲೈಸೆನ್ಸನ್ನು ಗ್ರಾಮಸಭೆಯ ದೂರಿನ ಮೇಲೆ ವಿಚಾರಣೆಗೆ ತರಲಿ. ಚಿಲ್ಲರೆ ಮಾರುವ ಬಡವನ ಮೇಲೆ ಕೇಸು ಹಾಕಿ ಫೈಲು ಮುಚ್ಚಿದರೆ, ಮುಂದಿನ ಕೊಯ್ಲಿಗೆ ಗೂಡಂಗಡಿ ಮತ್ತೆ ತೆರೆದಿರುತ್ತದೆ.