ಕುಶಾಲತೋಪು: ಸಿಡಿಸುವಷ್ಟೇ ಮುಖ್ಯ ನಳಿಗೆಯ ಶುಚಿ

ಮೈಸೂರು: ವಿಜಯದಶಮಿಯಂದು ಚಿನ್ನದ ಅಂಬಾರಿಯಲ್ಲಿ ವಿರಾಜಮಾನಳಾದ ಚಾಮುಂಡೇಶ್ವರಿಗೆ ಪುಷ್ಪಾರ್ಚನೆ ನಡೆಯುವಾಗ 21 ಕುಶಾಲತೋಪು ಸಿಡಿಸುವುದು ದಸರೆಯ ಸಂಪ್ರದಾಯ. ರಾಷ್ಟ್ರಗೀತೆ ನುಡಿಸುವ ಸುಮಾರು 52 ಸೆಕೆಂಡುಗಳ ಅವಧಿಯಲ್ಲೇ ನಗರ ಸಶಸ್ತ್ರ ಮೀಸಲು ಪಡೆಯ ಸಿಬ್ಬಂದಿ 7 ಫಿರಂಗಿಗಳಿಂದ ತಲಾ 3 ಸುತ್ತು ಹಾರಿಸುತ್ತಾರೆ. ಗುಂಡು ಬಳಸುವುದಿಲ್ಲ, ಬಾಯಿಯ ಮೂಲಕ ಮದ್ದನ್ನು ಮಾತ್ರ ತುಂಬಲಾಗುತ್ತದೆ.

ಅಪಾಯವಿರುವುದು ಎರಡು ಸುತ್ತುಗಳ ನಡುವೆ. ನಳಿಗೆಯಲ್ಲಿ ಒಂದು ಕಿಡಿ ಉಳಿದರೂ ಹೊಸ ಮದ್ದು ತುಂಬುವವರ ಮುಂದೆಯೇ ಸಿಡಿಯಬಹುದು. ಆದ್ದರಿಂದ ಪ್ರತಿ ಸುತ್ತಿನ ನಂತರ, ತುದಿಗೆ ಒದ್ದೆ ಬಟ್ಟೆ ಸುತ್ತಿದ ದಂಡದಿಂದ ಒಳಭಾಗವನ್ನು ಒರೆಸುವುದು ಅನಿವಾರ್ಯ. ನೀರು ಹೆಚ್ಚಾದರೆ ಮದ್ದು ನೆನೆದು ತೋಪು ಸಿಡಿಯುವುದೇ ಇಲ್ಲ.

ಕಪ್ಪು ಮದ್ದಿನ ಮಸಿ ತೇವ ಹೀರಿಕೊಂಡು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಹಾಗಾಗಿ ಇಂಥ ನಳಿಗೆಗಳನ್ನು ಬಳಕೆಯ ನಂತರ ನೀರಿನಿಂದ ತೊಳೆದು, ಒಣಗಿಸಿ, ಎಣ್ಣೆ ಲೇಪಿಸಬೇಕು. ದಸರೆಗೆ ಮುನ್ನ ನಡೆಯುವ ತಾಲೀಮು ಆನೆ, ಕುದುರೆಗಳಿಗೆ ಸದ್ದಿನ ಪರಿಚಯ ಮಾಡಿಸುವುದರ ಜತೆಗೆ ಒರೆಸುವ ಕೈಗಳನ್ನೂ ಪಳಗಿಸುತ್ತದೆ.