ಕಂಬಂ ಕಣಿವೆಯ ಹಳೆಯ ಮರಸಾಮಾನು: ಹೆಸರಿನಿಂದ ಚರಿತ್ರೆಗೆ

ತೇನಿ ಜಿಲ್ಲೆಯ ಓಡೈಪಟ್ಟಿ, ಚಿನ್ನಮನೂರು, ಕಂಬಂ ಪರಿಸರದ ಹಳೆಯ ಮನೆಗಳಿಂದ ಹೊರಬೀಳುವ ಮರದ ವಸ್ತುಗಳಿಗೆ ಮಾರುಕಟ್ಟೆಯಲ್ಲಿ ಎರಡೇ ಹೆಸರು: ಹಳದಿ ಛಾಯೆಯದಾದರೆ ‘ಬರ್ಮಾ ತೇಗ’, ಕಪ್ಪು ಛಾಯೆಯದಾದರೆ ‘ರೋಸ್‌ವುಡ್’. ಕಾರೈಕುಡಿಯ ಮುನೀಶ್ವರನ್ ಕೋಯಿಲ್ ಬೀದಿಯ ಹಳೆಸಾಮಾನಿನ ಅಂಗಡಿಗಳನ್ನು ತಲುಪುವ ಹೊತ್ತಿಗೆ ವಸ್ತುವು ತನ್ನ ಊರನ್ನೂ ಮನೆಯನ್ನೂ ಮನೆಮಾತಿನಲ್ಲಿ ತನಗಿದ್ದ ಹೆಸರನ್ನೂ ಕಳೆದುಕೊಂಡಿರುತ್ತದೆ. ಕನ್ನಡ ಮಾತನಾಡುವ ಕಾಪ್ಪಿಲಿಯರು, ಅನುಪ್ಪರು ಮೊದಲಾದ ಸಮುದಾಯಗಳು ನೆಲೆಸಿರುವ ಈ ಪ್ರದೇಶದಲ್ಲಿ ಈ ನಷ್ಟವು ಕೇವಲ ಸಂಗ್ರಾಹಕರ ನಷ್ಟವಲ್ಲ. ಲಿಖಿತ ದಾಖಲೆ ವಿರಳವಾಗಿರುವ ಕೃಷಿಕ ಸಮುದಾಯಕ್ಕೆ ಮಣೆ, ಪೆಟ್ಟಿಗೆ, ಒನಕೆ, ತೊಟ್ಟಿಲುಗಳೇ ದಾಖಲೆ.

ವಸಾಹತು ಕಾಲದ ಬರಹಗಳು ಈ ವಿಷಯದಲ್ಲಿ ಹೆಚ್ಚು ನೆರವಾಗುವುದಿಲ್ಲ. ಡಬ್ಲ್ಯು. ಫ್ರಾನ್ಸಿಸ್ ಅವರ 1906ರ ಮಧುರಾ ಜಿಲ್ಲಾ ಗೆಜೆಟಿಯರ್ ಆಗಲಿ, ಥರ್ಸ್ಟನ್ ಮತ್ತು ರಂಗಾಚಾರಿ ಅವರ 1909ರ ಏಳು ಸಂಪುಟಗಳಾಗಲಿ ಕಾಪ್ಪಿಲಿಯರ ಬಗ್ಗೆ ಬರೆಯುವಾಗ ವಲಸೆಯ ಐತಿಹ್ಯ, ವಿವಾಹ ಪದ್ಧತಿ, ಕಂಬಂನ ಪವಿತ್ರ ಗೋವುಗಳ ಹಿಂಡು ಇವುಗಳತ್ತಲೇ ಗಮನ ಹರಿಸುತ್ತವೆ. ಮನೆಯೊಳಗಿನ ಮರ ಅವರ ಕಣ್ಣಿಗೆ ಬಿದ್ದಂತಿಲ್ಲ. ಆದುದರಿಂದ ವಸ್ತುವನ್ನೂ ಅದರ ಹೆಸರನ್ನೂ ಒಟ್ಟಿಗೆ ಓದುವುದು ಅನಿವಾರ್ಯ.

ಮೊದಲು ವಸ್ತುಗಳ ಹೆಸರುಗಳನ್ನೇ ನೋಡೋಣ. ಮಣೆ, ತೊಟ್ಟಿಲು, ಒನಕೆ, ಪೆಟ್ಟಿಗೆ ಇವು ಕನ್ನಡ ತಮಿಳುಗಳೆರಡಕ್ಕೂ ಹಳೆಯ ನಂಟಿನ ಪದಗಳು. ತಮಿಳಿನಲ್ಲಿ ಇವು ಕ್ರಮವಾಗಿ ಮಣೈ, ತೊಟ್ಟಿಲ್, ಉಲಕ್ಕೈ, ಪೆಟ್ಟಿ. ಕುರ್ಚಿ, ಮೇಜು, ಅಲಮಾರು, ಬೀರು ಇವುಗಳ ಸಂಗತಿ ಬೇರೆ. ಕುರ್ಚಿಯ ಮೂಲ ಅರಬ್ಬಿ, ಅಲಮಾರಿನದು ಪೋರ್ಚುಗೀಸ್, ಬೀರು ಐರೋಪ್ಯ ‘ಬ್ಯೂರೋ’. (ತಮಿಳು ಮಾತ್ರ ಕುರ್ಚಿಗೆ ‘ನಾಱ್ಕಾಲಿ’ ಎಂಬ ಸ್ವಂತ ಪದವನ್ನು ಕಟ್ಟಿಕೊಂಡಿತು, ನಾವು ಎರವಲಿನಲ್ಲೇ ನೆಮ್ಮದಿಯಾಗಿ ಕುಳಿತೆವು.) ನೆಲದ ಮೇಲೆ ಕುಳಿತು ಉಣ್ಣುತ್ತಿದ್ದ, ಬಟ್ಟೆಯನ್ನು ಪೆಟ್ಟಿಗೆಯಲ್ಲೋ ಹಗ್ಗದ ಮೇಲೋ ಇಡುತ್ತಿದ್ದ ಮನೆಗೆ ಕುರ್ಚಿ ಅಲಮಾರುಗಳು ತಡವಾಗಿ ಬಂದವು. ಆದಕಾರಣ ‘ನಾಯಕರ ಕಾಲದ ಕುರ್ಚಿ’ ಎಂದು ಯಾರಾದರೂ ತೋರಿಸಿದರೆ ಸಂಶಯಪಡುವುದು ಒಳ್ಳೆಯದು. ಅದೇ ಮನೆಯ ಒನಕೆ ಹೊಸದಿದ್ದರೂ ಅದರ ಪರಂಪರೆ ಹೆಚ್ಚು ಹಳೆಯದು.

ಕುರ್ಚಿ ಅಲಮಾರುಗಳು ಈ ಕಣಿವೆಗೆ ಬಂದ ಕಾಲವನ್ನು ಸ್ಥೂಲವಾಗಿ ಗುರುತಿಸಬಹುದು. 1886ರಲ್ಲಿ ತಿರುವಾಂಕೂರಿನೊಂದಿಗೆ 999 ವರ್ಷಗಳ ಗುತ್ತಿಗೆಯಾಗಿ, ಜಾನ್ ಪೆನ್ನಿಕ್ವಿಕ್ ಅವರ ಮುಂದಾಳತ್ವದಲ್ಲಿ ಪೆರಿಯಾರ್ ಅಣೆಕಟ್ಟು 1895ರಲ್ಲಿ ಪೂರ್ಣಗೊಂಡಿತು. ಪಶ್ಚಿಮಕ್ಕೆ ಹರಿಯುತ್ತಿದ್ದ ನೀರು ಸುರಂಗದ ಮೂಲಕ ಕಣಿವೆಗೆ ಇಳಿದು, ಗದ್ದೆಗಳು ಎರಡನೆಯ ಬೆಳೆ ಕಂಡವು. ಬೆಟ್ಟದ ಮೇಲೆ ಏಲಕ್ಕಿ ತೋಟಗಳು ಹಬ್ಬಿದವು. 1928ರಲ್ಲಿ ಮಧುರೆಯಿಂದ ಬೋಡಿನಾಯಕನೂರಿಗೆ ರೈಲು ಬಂತು. ಕೈಯಲ್ಲಿ ಹಣ, ಸಾಗಣೆಗೆ ಹಳಿ, ಹಿಂಬದಿಯಲ್ಲಿ ಕಾಡು, ಈ ಮೂರೂ ಕೂಡಿದ ಮೇಲೆಯೇ ಸಾಧಾರಣ ಒಕ್ಕಲು ಮನೆ ಕೆತ್ತನೆಯ ಬಾಗಿಲನ್ನೂ ಗಾಜಿನ ಅಲಮಾರನ್ನೂ ಮಾಡಿಸುವ ಸ್ಥಿತಿಗೆ ಬಂದಿರಬೇಕೆಂಬುದು ನಮ್ಮ ಅಭಿಪ್ರಾಯ.

ಈ ಹಿನ್ನೆಲೆಯಲ್ಲಿ ‘ಬರ್ಮಾ ತೇಗ’ವೆಂಬ ಪಟ್ಟವನ್ನು ಪರಿಶೀಲಿಸಬೇಕು. 1852ರಲ್ಲಿ ಪೆಗು ಬ್ರಿಟಿಷರ ವಶವಾದ ಮೇಲೆ ಬರ್ಮಾದ ತೇಗ ಮದರಾಸು ಕರಾವಳಿಗೆ ಧಾರಾಳವಾಗಿ ಬಂತು. ಅಲ್ಲಿ ಲೇವಾದೇವಿ ನಡೆಸಿದ ನಾಟ್ಟುಕೋಟ್ಟೈ ಚೆಟ್ಟಿಯಾರರ ಮನೆಗಳ ಕಂಬಗಳೇ ಇದಕ್ಕೆ ಸಾಕ್ಷಿ. 1942ರಲ್ಲಿ ಜಪಾನೀಯರು ಬರ್ಮಾವನ್ನು ಆಕ್ರಮಿಸಿದಾಗ ಆ ಹರಿವು ನಿಂತಿತು. ಆದರೆ ಕಂಬಂ ಕಣಿವೆಗೆ ಕಡಲಿಗಿಂತ ಘಟ್ಟ ಸಮೀಪ. ಘಟ್ಟದ ತೇಗ, ಬೀಟೆ, ಹೊನ್ನೆ, ಮತ್ತಿಗಳು ಕಾಲ್ನಡಿಗೆಯ ದೂರದಲ್ಲಿರುವಾಗ ಸಮುದ್ರದಾಚೆಯ ದಿಮ್ಮಿಯನ್ನು ತರಿಸುವ ಅಗತ್ಯ ಎಲ್ಲರಿಗೂ ಇರಲಿಲ್ಲ. ಆದರೂ ಘಟ್ಟದ ಮರ ಎಲ್ಲರ ಕೈಗೆ ಸಿಗುವಂತಿತ್ತೆಂದಲ್ಲ. ತಿರುವಾಂಕೂರಿನಲ್ಲಿ ತೇಗ, ಬೀಟೆ, ಕರಿಮರ, ಗಂಧ ಇವು ರಾಜವೃಕ್ಷಗಳು. ಯಾರ ನೆಲದಲ್ಲಿ ಬೆಳೆದರೂ ಅರಸನ ಸೊತ್ತು. ಮೈಸೂರಿನಲ್ಲಿ ಟಿಪ್ಪು ಸುಲ್ತಾನ್ 1792ರಲ್ಲಿ ಗಂಧಕ್ಕೆ ಇದೇ ಸ್ಥಾನ ಕೊಟ್ಟಿದ್ದ. ಒಕ್ಕಲಿಗನ ಮನೆಯ ಸಾಮಾನಿನಲ್ಲಿ ಬೇವು, ಬಾಗೆ, ಹೂವರಸಿ, ಹಲಸು, ಹುಣಸೆಗಳನ್ನು ಮೊದಲು ಹುಡುಕಬೇಕಾದುದು ಈ ಕಾರಣಕ್ಕೆ: ಇವು ಹಿತ್ತಲಿನ ಮರಗಳು, ಯಾರ ಅಪ್ಪಣೆಯೂ ಬೇಡದ ಮರಗಳು.

ಹಿತ್ತಲಿನ ಮರಗಳನ್ನು ಕೀಳೆಂದು ತಿಳಿಯಬಾರದು. ಬೇವು ಮಹಾಗನಿಯ ಕುಲದ್ದೇ. ಕೆಂಪು ಕಂದು ಬಣ್ಣ, ಹುಳು ಮುಟ್ಟದು, ಆದುದರಿಂದ ಬಟ್ಟೆಯ ಪೆಟ್ಟಿಗೆಗೆ ಒಪ್ಪುವ ಮರ. ಹಲಸು ಕೊಯ್ದಾಗ ಅರಿಶಿನದ ಹಳದಿ. ಗಾಳಿ ಬೆಳಕು ತಾಗಿ ವರ್ಷಗಳು ಕಳೆದಂತೆ ಗಾಢ ಕಂದಾಗುತ್ತದೆ, ವ್ಯಾಪಾರಿ ಅದನ್ನು ಸುಲಭವಾಗಿ ತೇಗವೆಂದು ಮಾರುತ್ತಾನೆ. ಬಾಗೆಯ ಹೃದಯಭಾಗ ಕಡು ಕಂದು. ಇದನ್ನು ಆಂಗ್ಲ ವ್ಯಾಪಾರಿಗಳು ಪೂರ್ವದೇಶದ ವಾಲ್ನಟ್ ಎಂದು ಮಾರಿದರು. ಹುಣಸೆ ಒರಳು ಒನಕೆಗಳ ಮರ: ಸೀಳಲು ಕಷ್ಟ, ಸವೆಯುವುದು ನಿಧಾನ. ಹೂವರಸಿ ನೀರಿಗೆ ಅಂಜದು. ಹೊನ್ನೆಯನ್ನು ಗುರುತಿಸುವ ಪರೀಕ್ಷೆ ಸೊಗಸಾಗಿದೆ: ಒಂದು ಚಕ್ಕೆಯನ್ನು ನೀರಿನಲ್ಲಿ ನೆನೆಹಾಕಿದರೆ ನೀರು ಕಂದು ಹಳದಿಯಾಗಿ, ಬೆಳಕಿಗೆ ಹಿಡಿದಾಗ ಅಂಚಿನಲ್ಲಿ ನೀಲಿ ಹೊಳಪು ಕಾಣುತ್ತದೆ. ತೇಗವಾದರೆ ಎಣ್ಣೆಯ ವಾಸನೆಯೂ ಸ್ಪಷ್ಟವಾದ ವಾರ್ಷಿಕ ವಲಯಗಳೂ ಇರುತ್ತವೆ. ಬೀಟೆ ತೇಗಕ್ಕಿಂತ ತೂಕ. ನೇರಳೆ ಕಂದಿನ ಮೇಲೆ ಕಪ್ಪು ಗೆರೆ. ಮೈಸೂರಿನ ಅಂಬಾವಿಲಾಸದ ದಂತಖಚಿತ ಬಾಗಿಲುಗಳಿಗೆ ಬೀಟೆಯನ್ನೇ ಆರಿಸಿದ್ದು ಬಿಳಿಯ ದಂತ ಎದ್ದು ಕಾಣಲು ಆ ಕಪ್ಪು ಬೇಕಿದ್ದರಿಂದ. ದಂತದ ವ್ಯಾಪಾರ ನಿಷೇಧವಾದ ಮೇಲೆ ಹಲಸಿನಂಥ ತಿಳಿಬಣ್ಣದ ಮರಗಳು ಆ ಜಾಗಕ್ಕೆ ಬಂದುವು. ಚನ್ನಪಟ್ಟಣದ ಅರಗಿನ ಕೆಲಸಕ್ಕೆ ಹಾಲೆಯೇ ಬೇಕು. ಅದರ ನುಣುಪು ಬಿಳುಪಿನ ಮೇಲೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ.

ಇನ್ನು ಮರಗಳ ಹೆಸರು. ದ್ವಿಭಾಷಿಕ ಓದುಗರಿಗೆ ಇದು ಅತ್ಯಂತ ಫಲವತ್ತಾದ, ಅಷ್ಟೇ ಅಪಾಯಕರವಾದ ಭಾಗ. ತಮಿಳಿನ ಪಲಾ, ಪುಳಿ, ಪೂವರಸು ಕನ್ನಡದಲ್ಲಿ ಹಲಸು, ಹುಣಸೆ, ಹೂವರಸಿ. ವೇಂಬು, ವಾಗೈಗಳು ಬೇವು, ಬಾಗೆ. ಪಕಾರ ಹಕಾರವಾಗುವ ಬದಲಾವಣೆ ಕನ್ನಡದಲ್ಲಿ ಸುಮಾರು ಹತ್ತನೆಯ ಶತಮಾನದಲ್ಲಿ ತಲೆದೋರಿ ಹದಿನಾಲ್ಕರ ಹೊತ್ತಿಗೆ ವ್ಯಾಪಿಸಿತು. ವಿಜಯನಗರ ಮತ್ತು ಮಧುರೆ ನಾಯಕರ ಕಾಲದಲ್ಲಿ ದಕ್ಷಿಣಕ್ಕೆ ನಡೆದವರು ಹಕಾರದ ಕನ್ನಡವನ್ನು ಹೊತ್ತು ನಡೆದರೆಂದು ಇದರಿಂದ ಎಣಿಸಬೇಕು. ಹಾಗಿರುವಾಗ ಒಂದು ಮನೆಯಲ್ಲಿ ಹಿತ್ತಲಿನ ಮರಕ್ಕೆ ‘ಹುಣಸೆ’ ಎಂದೂ ಪೇಟೆಯಿಂದ ತಂದ ಹಲಗೆಗೆ ‘ತೇಕ್ಕು’ ಎಂದೂ ಹೇಳಿದರೆ, ಯಾವ ಮರ ಮನೆಮಾತಿನೊಳಗೆ ಉಳಿಯಿತು, ಯಾವುದು ಮಾರುಕಟ್ಟೆಯ ಭಾಷೆಯಿಂದ ಬಂತು ಎಂಬುದು ಆ ಎರಡು ಪದಗಳಲ್ಲೇ ಇದೆ.

ಆದರೆ ಈ ಸೂತ್ರವನ್ನು ಕಣ್ಣು ಮುಚ್ಚಿ ಬಳಸಿದರೆ ಎಡವುತ್ತೇವೆ. ಸೂತ್ರದಂತೆ ಕನ್ನಡದ ಹೊನ್ನೆ ತಮಿಳಿನ ಪುನ್ನೈ ಆಗಬೇಕು. ವಾಸ್ತವದಲ್ಲಿ ಪುನ್ನೈ ನಮ್ಮ ಸುರಹೊನ್ನೆ, ಕರಾವಳಿಯ ಎಣ್ಣೆಕಾಯಿಯ ಮರ. ನಾಟಾ ಕೊಡುವ ಹೊನ್ನೆಯನ್ನು ತಮಿಳರು ವೇಂಗೈ ಎನ್ನುತ್ತಾರೆ. ಎರಡು ಬೇರೆ ಬೇರೆ ಮರಗಳು, ಬೇರೆ ಕುಟುಂಬಗಳು. ‘ಕರುಂಗಾಲಿ’ಯದು ಇನ್ನೊಂದು ತೊಡಕು. ತಮಿಳಿನಲ್ಲಿ ಈ ಹೆಸರು ಕರಿಮರಕ್ಕೂ ಕಾಚಿನ ಜಾತಿಯ ಮುಳ್ಳುಮರಕ್ಕೂ ಸಲ್ಲುತ್ತದೆ. ಕನ್ನಡದ ‘ಕಗ್ಗಲಿ’ ಎರಡನೆಯದು ಮಾತ್ರ. ಕರುಂಗಾಲಿಯ ಒನಕೆ ಎಂದು ಹೇಳಿದ ಮಾತನ್ನು ಪಟ್ಟಿಯಲ್ಲಿ ‘ಎಬೊನಿ’ ಎಂದು ಬರೆದುಕೊಂಡರೆ, ಹೊಲದ ಬದುವಿನ ಮರವೊಂದು ಅರಮನೆಯ ಮರವಾಗಿಬಿಡುತ್ತದೆ. ಬೀಟೆಗೂ ತಮಿಳಿನಲ್ಲಿ ಈಟ್ಟಿ, ತೋದಗತ್ತಿ ಎಂಬ ಎರಡು ಹೆಸರುಗಳಿವೆ. ಇವು ಒಂದೇ ಮರವೆಂದರಿಯದವರು ಎರಡು ನಮೂದು ಮಾಡಿಯಾರು.

ಇದೆಲ್ಲ ಈಗಲೇ ಆಗಬೇಕಾದ ಕೆಲಸವಾಗಿರುವುದಕ್ಕೆ ಕಾನೂನೂ ಒಂದು ಕಾರಣ. ತಮಿಳುನಾಡಿನ 1994ರ ಬೀಟೆ ಮರಗಳ ಸಂರಕ್ಷಣಾ ಅಧಿನಿಯಮ ಖಾಸಗಿ ನೆಲದಲ್ಲಿಯೂ ಅನುಮತಿಯಿಲ್ಲದೆ ಬೀಟೆ ಕಡಿಯುವುದನ್ನು ತಡೆಯಿತು. 2017ರಿಂದ ಬೀಟೆಯ ಕುಲವೆಲ್ಲವೂ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ಒಳಪಟ್ಟಿತು. ಕಾಡಿಗೆ ಇದು ಹಿತವೇ. ಆದರೆ ಹೊಸ ಬೀಟೆ ದುರ್ಲಭವಾದಷ್ಟೂ ಹಳೆಯ ಬೀಟೆಗೆ ಬೆಲೆ ಏರಿ, ಮನೆಯ ಮಂಚ ಬಾಗಿಲುಗಳು ಬಿಚ್ಚಿ ಹಲಗೆಯ ಲೆಕ್ಕದಲ್ಲಿ ಮಾರಾಟವಾಗುತ್ತವೆ. ಹಲಗೆಯಾದ ಮೇಲೆ ಅದು ಮಂಚವಾಗಿತ್ತೆ, ಮಗ್ಗದ ಚೌಕಟ್ಟಾಗಿತ್ತೆ ಎಂಬುದನ್ನು ಕಂಡುಹಿಡಿಯುವುದು ಕಠಿಣ.

ಆದುದರಿಂದ ಕ್ಷೇತ್ರಕಾರ್ಯಕ್ಕೆ ಹೋಗುವವರು ಬೀಟೆಯ ಬಾಗಿಲಿನ ಮುಂದೆ ಮಾತ್ರ ನಿಲ್ಲದೆ ಅಡುಗೆಮನೆಗೂ ಹೋಗಬೇಕು. ವಸ್ತುವಿನ ಅಳತೆ, ಅಂಚಿನ ಕೊಯ್ತ, ಮೊಳೆಯೋ ಮರದ ಗೂಟವೋ ಎಂಬುದು, ಮರದ ಶಾಸ್ತ್ರೀಯ ಹೆಸರು ಇವುಗಳ ಜತೆಗೆ ಮನೆಯ ಹಿರಿಯ ಹೆಂಗಸು ಅದನ್ನು ಕರೆಯುವ ಕನ್ನಡದ ಹೆಸರನ್ನೂ, ಬಡಗಿಯೊಡನೆ ಮಾತಾಡುವಾಗ ಅವಳೇ ಬಳಸುವ ತಮಿಳಿನ ಹೆಸರನ್ನೂ ಬೇರೆ ಬೇರೆ ಅಂಕಣಗಳಲ್ಲಿ ಬರೆದುಕೊಳ್ಳಬೇಕು. ಎರಡನ್ನೂ ಕೇಳುವಾಗ ವಸ್ತು ಮನೆಯೊಳಗೇ ಇರಬೇಕು. ಲಾರಿಗೆ ಏರಿಸಿದ ಮೇಲೆ ಕೇಳಿದರೆ ಸಿಗುವುದು ಅಂಗಡಿಯ ಹೆಸರೊಂದೇ.