ಒತ್ತಕ್ಷರ ಸರಿಯಾಗಲು ಒಂದು ಪ್ಯಾಕೇಜ್

ಕಂಪ್ಯೂಟರಿನಲ್ಲಿ ಕನ್ನಡ ಬೆಳೆದ ಕಥೆ ಹೇಳುವವರು ಕೀಲಿಮಣೆ, ಫಾಂಟು, ಯೂನಿಕೋಡ್ ಎಂದು ಮಾತು ಮುಗಿಸುತ್ತಾರೆ. ಇವೆಲ್ಲ ನಮ್ಮ ಯಂತ್ರಗಳಿಗೆ ಬಂದು ಸೇರಿದ ಬಗೆ ಹೇಗೆಂದು ಬರೆದವರು ಕಡಿಮೆ.

1998ರ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಎರಡೂ ವಿಂಡೋಸ್‌ಗೆಂದು ಸಿದ್ಧ ಸೆಟಪ್ ಕಡತಗಳಾಗಿ ಬಂದವು. ಕಚೇರಿ ಕಚೇರಿಗೆ ಕನ್ನಡ ಟೈಪಿಂಗ್ ಮುಟ್ಟಿದ್ದು ಹೀಗೆ; ಆ ಉಪಕಾರ ದೊಡ್ಡದು. ಆದರೆ ಸೋರ್ಸ್ ಕೋಡ್ ಜೊತೆಗೆ ಸಿಗುತ್ತಿರಲಿಲ್ಲ. ದೋಷ ಕಂಡವರು ಮುಂದಿನ ಆವೃತ್ತಿಗೆ ಕಾಯಬೇಕಿತ್ತು.

ಮೂಲವನ್ನು ತಿದ್ದಿ ಮತ್ತೆ ಕಟ್ಟಿಕೊಳ್ಳುವ ಇನ್ನೊಂದು ದಾರಿ ಕನ್ನಡದ ಹೊರಗೆ ಮೊದಲೇ ಬೆಳೆದಿತ್ತು. 1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ಬರೆದ ‘ಮೇಕ್’ ಎಂಬ ತಂತ್ರಾಂಶ, ಯಾವ ಕಡತದಿಂದ ಯಾವುದು ಹುಟ್ಟಬೇಕೆಂದು ಓದಿಕೊಂಡು ಬದಲಾದಷ್ಟನ್ನೇ ಮತ್ತೆ ಕಟ್ಟುತ್ತಿತ್ತು. 1993ರಲ್ಲಿ ಇಯಾನ್ ಮರ್ಡಾಕ್ ಶುರುಮಾಡಿದ ಲಿನಕ್ಸ್ ವ್ಯವಸ್ಥೆ ಡೆಬಿಯನ್, ಹಾಗೆ ಕಟ್ಟಿದ್ದನ್ನು ಹಾಕಲೂ ತೆಗೆಯಲೂ ಬರುವ ಪ್ಯಾಕೇಜುಗಳನ್ನಾಗಿ ಮಾಡಿತು. 1995ರಲ್ಲಿ ರೆಡ್ ಹ್ಯಾಟ್‌ನ ಆರ್‌ಪಿಎಂ ಎಂಬ ಪ್ಯಾಕೇಜ್ ವ್ಯವಸ್ಥೆ, 2000ದಲ್ಲಿ ಕಟ್ಟುವ ಕೆಲಸಕ್ಕೆ ನೆರವಾಗುವ ಸಿಮೇಕ್ ಬಂದವು.

ಕನ್ನಡಕ್ಕೆ ಇದರ ಫಲ ಕಾಣಿಸಿದ್ದು ಫಾಂಟುಗಳಲ್ಲಿ. ರೆಡ್ ಹ್ಯಾಟ್ ಮುಕ್ತವಾಗಿ ಕೊಟ್ಟ ‘ಲೋಹಿತ್ ಕನ್ನಡ’ದಲ್ಲಿ ಕೆಲವು ಸಂಯುಕ್ತಾಕ್ಷರಗಳು ಸರಿಯಾಗಿ ಮೂಡುತ್ತಿರಲಿಲ್ಲ. ಪರವಾನಗಿ ತಿದ್ದಲು ಬಿಟ್ಟಿದ್ದರಿಂದ ಅರವಿಂದ ವಿ.ಕೆ. ಅದನ್ನೇ ಎತ್ತಿಕೊಂಡು ‘ಗುಬ್ಬಿ’ ಮಾಡಿದರು. ಕೈಬರಹದಂಥ ‘ನವಿಲು’ ಕೂಡ ಅವರದೇ. ಡೆಬಿಯನ್‌ಗೆ ಇವುಗಳ ಪ್ಯಾಕೇಜ್ ಮಾಡಿದವರಲ್ಲಿ ವಾಸುದೇವ ಕಾಮತ್ ಒಬ್ಬರು.

ಪ್ಯಾಕೇಜ್ ಮಾಡುವ ಕೆಲಸ ಹೊರಗಿನವರ ಕಣ್ಣಿಗೆ ಬೀಳುವಂಥದಲ್ಲ. ಅಕ್ಷರಗಳ ರೇಖೆ, ಒತ್ತು ಕೂಡುವ ನಿಯಮ ಎಲ್ಲ ಫಾಂಟ್ ತಯಾರಿಸುವ ತಂತ್ರಾಂಶವಾದ ಫಾಂಟ್‌ಫೋರ್ಜ್‌ನ ಮೂಲ ಕಡತದಲ್ಲಿರುತ್ತವೆ. ಬಿಲ್ಡ್, ಅಂದರೆ ಕಟ್ಟುವ ಕೆಲಸ, ನಡೆದಾಗ ಅದರಿಂದ ಟಿಟಿಎಫ್ ಫಾಂಟ್ ಹುಟ್ಟುತ್ತದೆ. ಡೆಬಿಯನ್ ಪ್ಯಾಕೇಜಿನ ‘ಕಂಟ್ರೋಲ್’ ಕಡತ ಈ ಬಿಲ್ಡ್‌ಗೆ ಬೇಕಾದ ಬೇರೆ ಪ್ಯಾಕೇಜುಗಳನ್ನು ಹೆಸರಿಸುತ್ತದೆ, ‘ರೂಲ್ಸ್’ ಕಟ್ಟುವ ವಿಧಾನ ಹೇಳುತ್ತದೆ, ‘ಕಾಪಿರೈಟ್’ ಯಾರ ದುಡಿಮೆ, ಯಾವ ಪರವಾನಗಿ ಎಂದು ದಾಖಲಿಸುತ್ತದೆ. ಈ ಕೊನೆಯದನ್ನು ನಾನು ಬಹಳ ಗೌರವಿಸುತ್ತೇನೆ. ಕನ್ನಡ ಫಾಂಟುಗಳ ಲೋಕದಲ್ಲಿ ಮಾಡಿದವರ ಹೆಸರು ಅಳಿಸಿಹೋಗುವುದು ಅಪರೂಪವಲ್ಲ. ಡೆಬಿಯನ್ ಪ್ಯಾಕೇಜುಗಳಿಂದಲೇ ಉಬುಂಟು ಬೆಳೆದದ್ದು, ಸಿ-ಡ್ಯಾಕ್‌ನ ಬಾಸ್ ಲಿನಕ್ಸ್ ಕೂಡ. ಹಾಗಾಗಿ ಒಂದೆಡೆ ತಿದ್ದಿದ್ದು ಉಳಿದೆಡೆಗೂ ಹರಿಯುತ್ತದೆ. ಉಡಿಗಾಲದಂಥ ಹಳ್ಳಿಯಲ್ಲಿ ನೆಟ್ ಇಲ್ಲದ ಕಂಪ್ಯೂಟರಿದ್ದರೆ, ಚಾಮರಾಜನಗರದಲ್ಲೋ ಗುಂಡ್ಲುಪೇಟೆಯಲ್ಲೋ ಇಳಿಸಿಕೊಂಡ ಪ್ಯಾಕೇಜಿನ ಡೆಬ್ ಕಡತವನ್ನು ಪೆನ್‌ಡ್ರೈವಿನಲ್ಲಿ ಒಯ್ದು ಹಾಕಬಹುದು.

2013ರಿಂದ ಡೆಬಿಯನ್‌ನಲ್ಲಿ ಇನ್ನೊಂದು ಪ್ರಯತ್ನ ನಡೆದಿದೆ: ಒಂದೇ ಮೂಲದಿಂದ ಯಾರು ಕಟ್ಟಿದರೂ ಒಂದು ಬಿಟ್ಟೂ ವ್ಯತ್ಯಾಸವಿಲ್ಲದ ಪ್ಯಾಕೇಜ್ ಬರಬೇಕು. ಫಾಂಟಿನೊಳಗೆ ಕಟ್ಟಿದ ಹೊತ್ತು ದಾಖಲಾಗುವುದು ಇದಕ್ಕೆ ಒಂದು ಅಡ್ಡಿ. ಅದನ್ನು ಒಂದು ನಿಗದಿತ ದಿನಾಂಕಕ್ಕೆ ಕಟ್ಟಿಹಾಕಬೇಕಾಗುತ್ತದೆ. ಸಿಕ್ಕ ಫಾಂಟು ತೋರಿಸಿದ ಮೂಲದಿಂದಲೇ ಬಂದದ್ದೆಂದು ಆಗ ಯಾರಾದರೂ ಪರೀಕ್ಷಿಸಬಹುದು. ಇಂಥ ಪರೀಕ್ಷೆಗೂ ತಿದ್ದುಪಡಿಗೂ ಅವಕಾಶವಿರಬೇಕಾದರೆ, ಸರ್ಕಾರದ ದುಡ್ಡಿನಲ್ಲಿ ತಯಾರಾಗುವ ಪ್ರತಿ ಕನ್ನಡ ತಂತ್ರಾಂಶಕ್ಕೂ ಸೋರ್ಸ್, ಪರವಾನಗಿ, ಬಿಲ್ಡ್ ಕಡತ ಮೂರನ್ನೂ ಸೇರಿಸಿ ಕೊಡಬೇಕೆಂಬ ಷರತ್ತು ಟೆಂಡರಿನಲ್ಲೇ ಇರಬೇಕು.